ಹಳ್ಳದಂಚಿನ ಎರಡು ಎಕರೆ ಉಳಿಸಿದರೆ ಆನೆ ಬರುತ್ತದೆಯೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು 22 ಎಕರೆ ಕಾಫಿ ತೋಟ. ನಡುವೆ ಹಳ್ಳ ಹರಿಯುತ್ತದೆ. ಹಳ್ಳದ ಎರಡೂ ದಡ ಸೇರಿ ಸುಮಾರು ಎರಡು ಎಕರೆ ಜಾಗದಲ್ಲಿ ಅಜ್ಜನ ಕಾಲದಿಂದಲೂ ಯಾರೂ ಕತ್ತಿ ಆಡಿಸಿಲ್ಲ. ಮೇಲ್ತುದಿ ಮೀಸಲು ಅರಣ್ಯಕ್ಕೆ ತಾಗಿದೆ, ಕೆಳತುದಿಗೆ ಊರಿನ ದೇವರಕಾಡಿದೆ. ಈಗ ಅಣ್ಣ, ನಾನು, ತಂಗಿ ಪಾಲಾಗುತ್ತಿದ್ದೇವೆ. ಆ ಕಾಡಿನ ಪಟ್ಟಿ ಇರುವುದರಿಂದಲೇ ಆನೆ ತೋಟಕ್ಕೆ ಇಳಿಯುತ್ತದೆ, ಕಡಿದು ರೊಬಸ್ಟಾ ಕಾಫಿ ಹಾಕೋಣ, ಇಲ್ಲವೇ ರೆಸಾರ್ಟ್‌ನವರು ಕೇಳುತ್ತಿದ್ದಾರೆ, ಮಾರೋಣ ಎನ್ನುತ್ತಾರೆ ಅಣ್ಣ. ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನ ಮಗಳ ವಾದವೇ ಬೇರೆ. ಕಾಡು ಮಿದುಳಿದ್ದಂತೆ, ಒಂದು ಕೊಂಡಿ ಕಡಿದರೆ ಇಡೀ ಜಾಲ ಕುಸಿಯುತ್ತದೆ, ಮರಗಳು ಬೇರಿನ ಶಿಲೀಂಧ್ರದ ಮೂಲಕ ಒಂದಕ್ಕೊಂದು ಮಾತಾಡುತ್ತವೆ ಎಂದು ಅವಳು ಅಣ್ಣನ ಮೇಲೆ ರೇಗುತ್ತಾಳೆ. ಎರಡು ಎಕರೆಯಿಂದ ಇಷ್ಟೆಲ್ಲ ಆಗುತ್ತದೆಯೇ? ಉಳಿಸಿಕೊಂಡರೆ ನಾಳೆ ಅರಣ್ಯ ಇಲಾಖೆಯವರು ಪ್ರಾಣಿಗಳು ಓಡಾಡುವ ಕಾರಿಡಾರ್ ಎಂದು ವಶಪಡಿಸಿಕೊಂಡರೆ ಏನು ಗತಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆನೆಯ ಭಯ, ಇಲಾಖೆಯ ಭಯ, ಕೊಂಡಿ ಕಡಿದ ಪಾಪ ನಮ್ಮ ತಲೆಗೆ ಬಂದೀತೇನೋ ಎಂಬ ಭಯ. ಇವನ್ನು ಬಿಡಿಸಿ ನೋಡದೆ ಪಾಲುಪಟ್ಟಿ ಬರೆಸಿದರೆ ಮೂವರಲ್ಲಿ ಒಬ್ಬರಿಗಂತೂ ಜೀವನಪೂರ್ತಿ ಕೊರಗು ಉಳಿಯುತ್ತದೆ. ಪಟ್ಟಿಯನ್ನು ಉಳಿಸಿಕೊಳ್ಳಿ ಎಂಬುದೇ ನನ್ನ ಸಲಹೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಿಮ್ಮ ಮಗಳು ಕೊಡುವ ಕಾರಣಕ್ಕಾಗಿ ಅಲ್ಲ. ಅಣ್ಣನ ಮಾತನ್ನೂ ಪೂರ್ತಿ ತಳ್ಳಿಹಾಕಬೇಡಿ, ಅದರಲ್ಲಿ ಸ್ವಲ್ಪ ಹುರುಳಿದೆ.

ಆನೆಯಿಂದಲೇ ಶುರುಮಾಡೋಣ. ಆ ಗಲಾಟೆ ಇತ್ಯರ್ಥವಾಗದೆ ಉಳಿದ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಹಾಸನ ಜಿಲ್ಲೆಯ ಆನೆಗಳು ಕಾಡಿನಿಂದ ರಾತ್ರಿ ಇಳಿದು ಬೆಳಗಾಗುವಷ್ಟರಲ್ಲಿ ಹಿಂದಿರುಗುವ ಜಾತಿಯವಲ್ಲ. ಆಲೂರು, ಸಕಲೇಶಪುರ, ಬೇಲೂರು ಕಡೆಯ ಬಹಳಷ್ಟು ಆನೆಗಳಿಗೆ ಕಾಫಿ ತೋಟವೇ ವಾಸಸ್ಥಳ. ಹಗಲು ತೋಟದ ನೆರಳಿನಲ್ಲಿ ನಿಲ್ಲುತ್ತವೆ, ಕೆರೆಯಲ್ಲಿ ನೀರು ಕುಡಿಯುತ್ತವೆ, ಕತ್ತಲಾದ ಮೇಲೆ ಗದ್ದೆಗೋ ಬಾಳೆಗೋ ಹೋಗುತ್ತವೆ. ಹೈಕೋರ್ಟ್ ಸೂಚನೆಯಂತೆ ರಚನೆಯಾಗಿ, ಆನೆತಜ್ಞ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಕೆಲಸ ಮಾಡಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಈ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂಬ ಸಲಹೆ ಅದರಲ್ಲಿತ್ತು. ಅದರಂತೆ ಆಲೂರು ಮತ್ತು ಸಕಲೇಶಪುರ ಭಾಗದಲ್ಲಿ 22 ಆನೆಗಳನ್ನು ಹಿಡಿದರು. ಹೆಚ್ಚು ಕಾಲವಾಗಲಿಲ್ಲ, ಆ ಜಾಗಕ್ಕೆ ಬೇರೆ ಆನೆಗಳು ಬಂದು ಸೇರಿಕೊಂಡವು. ಆನೆಗಳನ್ನೇ ಹೊತ್ತೊಯ್ದರೂ ನಿಲ್ಲದ ಓಡಾಟ ನಿಮ್ಮ ಎರಡು ಎಕರೆ ಮರ ಕಡಿದರೆ ನಿಲ್ಲುತ್ತದೆ ಎಂದು ನಂಬುವುದು ಹೇಗೆ?

ಅಣ್ಣನ ಮಾತಿನ ಹುರುಳು ಇಲ್ಲಿದೆ. ಪಟ್ಟಿಯಲ್ಲಿ ವಾಟೆ, ಬಿದಿರು, ಲಂಟಾನದ ಕಳೆ ಒತ್ತಾಗಿ ಬೆಳೆದಿದ್ದರೆ ಆನೆ ಹಗಲಿಡೀ ಅಲ್ಲಿ ನಿಂತಿರಬಹುದು. ಹತ್ತು ಹೆಜ್ಜೆ ಆಚೆಗೆ ಏನಿದೆ ಎಂದು ಕಾಣುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಬರುವ ಆಳುಗಳು ಹಳ್ಳ ದಾಟುವ ಕಾಲುಸೇತುವೆ ಆ ಪೊದೆಗಳ ಮಧ್ಯೆಯೇ ಇದ್ದರೆ ಅದು ನಿಜವಾದ ಅಪಾಯ. ನಾನು ನೋಡಿರುವ ತೋಟಗಳಲ್ಲಿ ಸಾವು ನೋವು ಹೆಚ್ಚಾಗಿ ಆಗಿರುವುದು ಇಂಥ ಜಾಗದಲ್ಲಿ, ಮಂಜು ಕವಿದ ಬೆಳಗಿನ ಹೊತ್ತಿನಲ್ಲಿ ಅಥವಾ ಕತ್ತಲಾಗುತ್ತಾ ಮನೆಗೆ ನಡೆದು ಹೋಗುವಾಗ. ಅದಕ್ಕೆ ಪರಿಹಾರವೆಂದರೆ ದಾರಿ ದಾಟುವ ಕಡೆ ಎರಡೂ ಬದಿ ಪೊದೆ ಸವರಿ ಕಣ್ಣಿಗೆ ತೆರಪು ಮಾಡುವುದು. ದೊಡ್ಡ ಮರಗಳನ್ನು ಉರುಳಿಸಬೇಕಾಗಿಲ್ಲ. ಮರ ತೆಗೆದು ರೊಬಸ್ಟಾ ಹಾಕಿದರೆ ಆನೆ ಅದೇ ಹಳ್ಳದ ಜಾಡಿನಲ್ಲಿ ಬರುತ್ತದೆ. ಈಗ ದಡದಲ್ಲಿ ನಡೆಯುವುದು ಆಗ ನಿಮ್ಮ ಗಿಡಗಳ ಸಾಲಿನಲ್ಲಿ, ಸ್ಪ್ರಿಂಕ್ಲರ್ ಪೈಪಿನ ಮೇಲೆ ನಡೆಯುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಪಟ್ಟಿಯಿಂದ ಯಾರಿಗೆ ಉಪಯೋಗ? ಕಾರಿಡಾರ್ ಎಂದ ಕೂಡಲೇ ಜನರ ಕಣ್ಣ ಮುಂದೆ ಆನೆ, ಹುಲಿ ಬಂದು ನಿಲ್ಲುತ್ತವೆ. ನಿಮ್ಮ ಹಳ್ಳದಂಚು ನಿಜವಾಗಿ ದುಡಿಯುತ್ತಿರುವುದು ಅವುಗಳಿಗಾಗಿ ಅಲ್ಲ. ಹುಲಿಗೆ ಕಾಫಿ ತೋಟವೇ ಸಾಕಷ್ಟು ಮರೆ. ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಗಂಡು ಹುಲಿಯೊಂದು 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಹತ್ತಿರ ಸಿಕ್ಕಿತು, ಸುಮಾರು 280 ಕಿಲೋಮೀಟರ್ ದೂರ. ಅಷ್ಟು ದಾರಿಯನ್ನು ಅದು ಬರೀ ಕಾಡಿನಲ್ಲೇ ನಡೆದಿರಲು ಸಾಧ್ಯವಿಲ್ಲ. ತೋಟ, ಗದ್ದೆ, ರಸ್ತೆ ಎಲ್ಲವನ್ನೂ ದಾಟಿರಬೇಕು. ದೊಡ್ಡ ಪ್ರಾಣಿ ಹೇಗೋ ದಾರಿ ಮಾಡಿಕೊಳ್ಳುತ್ತದೆ. ನೆಲಕ್ಕೆ ಇಳಿಯಲು ಹೆದರುವ ಕೆಂಜಳಿಲು, ಮರದಿಂದ ಮರಕ್ಕೆ ತೇಲುವ ಹಾರುಬೆಕ್ಕು, ಬಿಸಿಲು ಬಿದ್ದ ಒಣನೆಲ ದಾಟಲಾರದ ಕಪ್ಪೆ, ಹಕ್ಕಿಯ ಹೊಟ್ಟೆಯಲ್ಲಿ ಪಯಣಿಸುವ ಬೀಜ, ಇವಕ್ಕೆ ಆ ಸೌಲಭ್ಯವಿಲ್ಲ.

ಇಷ್ಟು ಚಿಕ್ಕ ಪಟ್ಟಿಗೆ ಅಷ್ಟು ಶಕ್ತಿ ಇದೆಯೇ ಎಂದು ನೀವು ಕೇಳುವುದು ಸರಿ. ಇದಕ್ಕೆ ಇರುವ ಅತ್ಯಂತ ಸ್ವಚ್ಛವಾದ ಸಾಕ್ಷ್ಯ ನಮ್ಮ ಕಡೆಯದಲ್ಲ, ಅಮೆರಿಕದ ಸೌತ್ ಕ್ಯಾರೊಲಿನಾದ ಸವಾನಾ ನದಿಯ ಬಳಿ ನಡೆದ ಪ್ರಯೋಗದ್ದು. ಅಲ್ಲಿ ಪೈನ್ ತೋಪಿನ ನಡುವೆ ಒಂದೊಂದು ಹೆಕ್ಟೇರಿನ ಬಯಲು ತುಣುಕುಗಳನ್ನು ಮಾಡಿದರು. ಕೆಲವನ್ನು 150 ಮೀಟರ್ ಉದ್ದ, 25 ಮೀಟರ್ ಅಗಲದ ಪಟ್ಟಿಯಿಂದ ಜೋಡಿಸಿದರು, ಕೆಲವನ್ನು ಬಿಡಿಯಾಗಿ ಬಿಟ್ಟರು. ಪಟ್ಟಿಯಿಂದ ಜಾಗ ಹೆಚ್ಚಾಯಿತು ಎಂಬ ತಕರಾರು ಬಾರದಂತೆ, ಬಿಡಿ ತುಣುಕುಗಳಿಗೂ ಅಷ್ಟೇ ವಿಸ್ತೀರ್ಣವನ್ನು ಬೇರೆ ಆಕಾರದಲ್ಲಿ ಸೇರಿಸಿದರು. 18 ವರ್ಷಗಳ ಲೆಕ್ಕವನ್ನು 2019ರಲ್ಲಿ ಪ್ರಕಟಿಸಿದಾಗ, ಜೋಡಿಸಿದ ತುಣುಕುಗಳಲ್ಲಿ ಸಸ್ಯ ಪ್ರಭೇದಗಳು ಶೇ 14ರಷ್ಟು ಹೆಚ್ಚಿದ್ದವು. ವರ್ಷ ಕಳೆದಂತೆ ಅಂತರ ಹೆಚ್ಚುತ್ತಲೇ ಹೋಯಿತು. ಆ ಪಟ್ಟಿಯ ವಿಸ್ತೀರ್ಣವನ್ನು ನಮ್ಮ ಅಳತೆಗೆ ತಂದರೆ ಒಂದು ಎಕರೆಗಿಂತ ಸ್ವಲ್ಪ ಕಡಿಮೆ. ನಿಮ್ಮದು ಅದರ ಎರಡರಷ್ಟಿದೆ.

ಅಲ್ಲಿಯ ಹುಲ್ಲುಗಾವಲೂ ನಮ್ಮ ಮಲೆನಾಡೂ ಒಂದೇ ಅಲ್ಲ ಎಂಬುದು ನನಗೂ ಗೊತ್ತು. ಶೇ 14 ಎಂಬ ಅಂಕಿಯನ್ನು ನಿಮ್ಮ ದೇವರಕಾಡಿಗೆ ಹಾಗೇ ಅಂಟಿಸಬೇಡಿ. ಒಂದೊಂದು ವರ್ಷದಲ್ಲಿ ಕಣ್ಣಿಗೆ ಕಾಣದ ಲಾಭ ದಶಕಗಳಲ್ಲಿ ಕೂಡುತ್ತಾ ಬರುತ್ತದೆ ಎಂಬುದಷ್ಟನ್ನು ತೆಗೆದುಕೊಳ್ಳಿ. ಕಡಿದರೆ ಆಗುವ ನಷ್ಟವೂ ಹೀಗೆಯೇ. ಕಡಿದ ಮರುವರ್ಷ ದೇವರಕಾಡಿನಲ್ಲಿ ಏನೂ ಬದಲಾಗಿರುವುದಿಲ್ಲ, ನೋಡು, ಏನಾಯಿತು ಎಂದು ಅಣ್ಣ ಕೇಳಬಹುದು. ಹಳೆಯ ಮರಗಳು ನಿಂತೇ ಇರುತ್ತವೆ. ಅವು ಬಿದ್ದ ಜಾಗದಲ್ಲಿ ಯಾವ ಸಸಿ ಮೇಲೇಳುತ್ತದೆ ಎಂಬುದು ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ಗೊತ್ತಾಗುವ ಸಂಗತಿ.

ಕೊಂಡಿ ಕಳೆದುಕೊಂಡು ಒಂಟಿಯಾದ ಪ್ರಾಣಿಗಳಿಗೆ ಏನಾಗುತ್ತದೆ ಎಂಬುದಕ್ಕೆ ಒಡಿಶಾದ ಸಿಮಿಲಿಪಾಲ್ ಕಾಡನ್ನು ನೋಡಬೇಕು. ಅಲ್ಲಿಯ ಹುಲಿಗಳಲ್ಲಿ ಪಟ್ಟೆಗಳು ಅಗಲವಾಗಿ, ಒಂದಕ್ಕೊಂದು ಸೇರಿ ಮೈಯೆಲ್ಲ ಕಪ್ಪಾಗಿ ಕಾಣುವಂಥವು ಬಹಳ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಇದಕ್ಕೆ ಕಾರಣವಾದ ಒಂದೇ ಒಂದು ಜೀನಿನ ಬದಲಾವಣೆಯನ್ನು ಗುರುತಿಸಿತು. ಬೇರೆ ಕಾಡುಗಳಲ್ಲಿ ಕಾಣದ ಈ ಬದಲಾವಣೆ ಅಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹುಲಿಗಳ ಮೈಮೇಲೆ ಕಾಣಿಸುತ್ತಿತ್ತು. ಕೆಲವೇ ಹುಲಿಗಳು ಹೊರಗಿನವರ ಸಂಪರ್ಕವಿಲ್ಲದೆ ತಮ್ಮತಮ್ಮಲ್ಲೇ ಕೂಡಿದ್ದರ ಗುರುತು ಅದು. ಕಪ್ಪು ಬಣ್ಣದಿಂದ ಹುಲಿಗೆ ತೊಂದರೆ ಇಲ್ಲದಿರಬಹುದು. ಆದರೆ ಬಣ್ಣದಂತೆಯೇ ಕಣ್ಣಿಗೆ ಕಾಣದ ದೋಷಗಳೂ ಒಳಗೊಳಗೇ ಹೆಚ್ಚಬಹುದು, ಚಿಂತೆ ಇರುವುದು ಅಲ್ಲಿ. ಇದನ್ನು ತಪ್ಪಿಸಲು ದಿನಾ ಸಂಚಾರ ಬೇಕಾಗಿಲ್ಲ. ತಲೆಮಾರಿಗೆ ಒಂದು ಪ್ರಾಣಿ ಹೊರಗಿನಿಂದ ಬಂದು ಮರಿ ಹಾಕಿದರೂ ಬಹಳಷ್ಟು ತಡೆಯಬಹುದು ಎಂಬುದು ತಳಿವಿಜ್ಞಾನದಲ್ಲಿ ಎಲ್ಲರೂ ಬಳಸುವ ಸ್ಥೂಲ ಲೆಕ್ಕ. ಹಾಗಾಗಿ, ಆ ಪಟ್ಟಿಯಲ್ಲಿ ನಾನು ಒಂದು ಪ್ರಾಣಿಯನ್ನೂ ಕಂಡಿಲ್ಲ ಎಂದು ಯಾರಾದರೂ ಹೇಳಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಇನ್ನು ನಿಮ್ಮ ಮಗಳ ಮಾತು. ಮಿದುಳಿಗೂ ಕಾಡಿಗೂ ಹೋಲಿಕೆ ಕಟ್ಟುವುದು ಸುಮ್ಮನೆ ಕವಿತ್ವವಲ್ಲ. ಮಿದುಳನ್ನು ಅಭ್ಯಾಸ ಮಾಡುವ ಅವಳೂ ಕಾಡನ್ನು ಅಭ್ಯಾಸ ಮಾಡುವ ನಾನೂ ಒಂದೇ ಗಣಿತ ಬಳಸುತ್ತೇವೆ. ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಒಗಟಿಗೆ ಗಣಿತಜ್ಞ ಆಯ್ಲರ್ 1736ರಲ್ಲಿ ಉತ್ತರ ಹುಡುಕಿದಾಗ ಹುಟ್ಟಿದ ಜಾಲಗಣಿತ ಅದು. ಚುಕ್ಕಿಗಳು, ಅವುಗಳನ್ನು ಸೇರಿಸುವ ಗೆರೆಗಳು. ನನಗೆ ಚುಕ್ಕಿ ಎಂದರೆ ಕಾಡಿನ ತುಣುಕು, ಗೆರೆ ಎಂದರೆ ಪ್ರಾಣಿಯೋ ಬೀಜವೋ ದಾಟಬಲ್ಲ ಜಾಗ. ಅವಳಿಗೆ ಚುಕ್ಕಿ ಎಂದರೆ ನರಕೋಶ ಅಥವಾ ಮಿದುಳಿನ ಒಂದು ಪ್ರದೇಶ, ಗೆರೆ ಎಂದರೆ ನರತಂತು. ಯಾವ ಗೆರೆ ತೆಗೆದರೆ ಜಾಲ ಎರಡಾಗಿ ಒಡೆಯುತ್ತದೆ ಎಂದು ಕಂಡುಹಿಡಿಯುವ ಲೆಕ್ಕ ಇಬ್ಬರಿಗೂ ಒಂದೇ.

ಆದರೆ ‘ಒಂದು ಕೊಂಡಿ ಕಡಿದರೆ ಇಡೀ ಜಾಲ ಕುಸಿಯುತ್ತದೆ’ ಎಂಬುದನ್ನು ಮಿದುಳೇ ಒಪ್ಪುವುದಿಲ್ಲ. ಮಿದುಳಿನ ಎಡ, ಬಲ ಗೋಳಾರ್ಧಗಳನ್ನು ಸೇರಿಸುವ ದಪ್ಪ ತಂತುಪಟ್ಟಿಯೊಂದಿದೆ, ಕಾರ್ಪಸ್ ಕಲೋಸಮ್. ಅದರಲ್ಲಿ ಸುಮಾರು 20 ಕೋಟಿ ನರತಂತುಗಳಿವೆ, ಮಿದುಳಿನಲ್ಲೇ ಅತಿ ದೊಡ್ಡ ಸೇತುವೆ. ತೀವ್ರ ಅಪಸ್ಮಾರ (ಮೂರ್ಛೆರೋಗ) ಇದ್ದ ಕೆಲವರಿಗೆ 1940ರ ದಶಕದಿಂದ ವೈದ್ಯರು ಈ ಸೇತುವೆಯನ್ನೇ ಕತ್ತರಿಸಿದರು. ರೋಗಿಗಳು ಎದ್ದು ನಡೆದರು, ಮಾತಾಡಿದರು, ಮನೆಗೆ ಹೋದರು. ಹೊರಗಿನಿಂದ ನೋಡಿದರೆ ಏನೂ ಆಗದಂತೆ ಕಾಣುತ್ತಿತ್ತು. ನರವಿಜ್ಞಾನಿ ರೋಜರ್ ಸ್ಪೆರಿ ಮತ್ತು ಅವರ ಸಂಗಡಿಗರು ನಾಜೂಕಾದ ಪರೀಕ್ಷೆಗಳನ್ನು ಮಾಡಿದಾಗ ಮಾತ್ರ, ಎಡಗಡೆ ತೋರಿಸಿದ ವಸ್ತುವಿನ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಾರರು, ಆದರೆ ಎಡಗೈಯಿಂದ ಅದನ್ನೇ ಆರಿಸಿ ತೆಗೆಯಬಲ್ಲರು ಎಂಬಂಥ ವಿಚಿತ್ರಗಳು ಹೊರಬಂದವು. ಸ್ಪೆರಿ ಅವರಿಗೆ 1981ರಲ್ಲಿ ನೊಬೆಲ್ ಬಂದದ್ದು ಈ ಕೆಲಸಕ್ಕೆ. ಇದಕ್ಕೆ ತದ್ವಿರುದ್ಧವಾಗಿ, ಥಲಾಮಸ್ ಎಂಬ ಒಳಭಾಗದಲ್ಲಿ ಕಡಲೆಕಾಳಿನಷ್ಟು ಜಾಗಕ್ಕೆ ರಕ್ತ ನಿಂತುಹೋದರೂ ಕೆಲವರ ನೆನಪಿನ ಶಕ್ತಿ ಗಂಭೀರವಾಗಿ ಕೆಡುತ್ತದೆ. ಅಲ್ಲಿ ಗಾಯದ ಗಾತ್ರಕ್ಕಿಂತ ಅದು ಬಿದ್ದ ಜಾಗವೇ ಹೆಚ್ಚು ತೂಗುತ್ತದೆ.

ನಿಮ್ಮ ತಾಲ್ಲೂಕಿನವರಿಗೆ ಇದು ಪ್ರತಿ ಮಳೆಗಾಲದ ಅನುಭವ. ಗುಡ್ಡ ಕುಸಿದು ಶಿರಾಡಿ ಘಾಟಿ ಮುಚ್ಚಿದರೆ ಮಂಗಳೂರಿನ ದಾರಿ ಇಲ್ಲವಾಗುವುದಿಲ್ಲ, ಬಸ್ಸುಗಳು ಚಾರ್ಮಾಡಿಗೆ ತಿರುಗುತ್ತವೆ, ಸುತ್ತಾಗುತ್ತದೆ. ಚಾರ್ಮಾಡಿಯೂ ಅದೇ ವಾರ ಮುಚ್ಚಿದರೆ ಆಗ ಪರಿಸ್ಥಿತಿ ಬೇರೆ. ಹಾಗಾಗಿ ನಿಮ್ಮ ಪಟ್ಟಿಗೆ ಕೇಳಬೇಕಾದ ಪ್ರಶ್ನೆ: ದೇವರಕಾಡಿಗೆ ಇನ್ನೊಂದು ದಾರಿ ಇದೆಯೇ? ಪಕ್ಕದ ತೋಟದವರೂ ನಾಟಿ ಮರಗಳ ನೆರಳು ಉಳಿಸಿಕೊಂಡಿದ್ದರೆ, ಕೊಂಬೆಗೆ ಕೊಂಬೆ ತಾಗುವಂತಿದ್ದರೆ, ನಿಮ್ಮದು ಹಲವು ದಾರಿಗಳಲ್ಲಿ ಒಂದು. ಅವರೆಲ್ಲ ಸಿಲ್ವರ್ ಓಕ್ ಹಾಕಿ ಕಂಬ ನೆಟ್ಟಂತೆ ಮಾಡಿಕೊಂಡಿದ್ದರೆ, ಕೆಳಗಿನ ದೇವರಕಾಡಿಗೆ ಉಳಿದಿರುವುದು ನಿಮ್ಮ ಹಳ್ಳವೊಂದೇ. ಇದನ್ನು ತಿಳಿಯಲು ನನ್ನಂಥವರು ಬರಬೇಕಾಗಿಲ್ಲ. ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ಬೇಸಿಗೆಯ ಚಿತ್ರ ತೆರೆದು ನೋಡಿ. ನಾಟಿ ಮರಗಳು ಹೂಕೋಸಿನಂತೆ ಗುಂಡುಗುಂಡಾಗಿ ಕಾಣುತ್ತವೆ, ಸಿಲ್ವರ್ ಓಕ್ ಸಾಲುಸಾಲು ಚುಕ್ಕಿಯಾಗಿ ಕಾಣುತ್ತದೆ. ಅಣ್ಣನನ್ನೂ ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.

ಮರಗಳು ಮಾತಾಡುತ್ತವೆ ಎಂಬುದರ ಬಗ್ಗೆ ಎರಡು ಮಾತು ಸಾಕು. ಬೇರಿಗೂ ಶಿಲೀಂಧ್ರಕ್ಕೂ ಇರುವ ಕೊಡುಕೊಳ್ಳುವಿಕೆ ಸತ್ಯ, ಅದಿಲ್ಲದೆ ಬಹುತೇಕ ಮರಗಳು ಬದುಕುವುದಿಲ್ಲ. ಕೆನಡಾದ ಕಾಡಿನಲ್ಲಿ ಎರಡು ಜಾತಿಯ ಸಸಿಗಳ ನಡುವೆ ಇಂಗಾಲ ಸಾಗಿದ್ದನ್ನು ಅರಣ್ಯವಿಜ್ಞಾನಿ ಸುಝಾನ್ ಸಿಮಾರ್ಡ್ 1997ರಲ್ಲಿ ತೋರಿಸಿದ್ದೂ ಸತ್ಯ. ತಾಯಿಮರ ತನ್ನ ಮಕ್ಕಳನ್ನು ಗುರುತಿಸಿ ಉಣಿಸುತ್ತದೆ, ಅಪಾಯದ ಸುದ್ದಿ ಕಳಿಸುತ್ತದೆ ಎಂಬುದೆಲ್ಲ ಅದರ ಮೇಲೆ ಕಟ್ಟಿದ ಮಹಡಿ. ಈ ಜಾಲಗಳ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ ಮೂವರು ವಿಜ್ಞಾನಿಗಳು 2023ರಲ್ಲಿ ಎಲ್ಲ ಸಾಕ್ಷ್ಯಗಳನ್ನು ಮತ್ತೆ ತೂಗಿ, ನಿಜವಾದ ಕಾಡಿನಲ್ಲಿ ಇದಕ್ಕಿರುವ ಆಧಾರ ತೀರಾ ತೆಳು ಎಂದು ಬರೆದರು. ನಿಮ್ಮ ಮಗಳು ಅಣ್ಣನ ಮುಂದೆ ಈ ವಾದ ಹೂಡದಿರುವುದೇ ವಾಸಿ. ಒಂದು ಮಾತು ಸುಳ್ಳೆಂದು ಗೊತ್ತಾದರೆ ಉಳಿದ ಒಂಬತ್ತು ನಿಜಗಳನ್ನೂ ಅವರು ಅದರ ಜೊತೆಗೇ ಕಸಕ್ಕೆ ಹಾಕುತ್ತಾರೆ.

ಸಂಪರ್ಕ ಇದ್ದಷ್ಟೂ ಒಳ್ಳೆಯದು ಎಂಬುದು ನನ್ನಂಥವರು ಹಬ್ಬಿಸಿದ ಇನ್ನೊಂದು ಅರೆಸತ್ಯ. ಮೇಲೆ ಹೇಳಿದ ಅಪಸ್ಮಾರವನ್ನೇ ನೋಡಿ. ನರಕೋಶಗಳು ಮಿತಿ ಮೀರಿ ಒಟ್ಟಿಗೆ ಮಿಡಿಯುವುದು, ಆ ಅಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುವುದು, ಅದೇ ಕಾಯಿಲೆ. ಸೇತುವೆ ಕತ್ತರಿಸಿದ್ದು ಆ ಹಬ್ಬುವಿಕೆಯನ್ನು ತಡೆಯಲೆಂದೇ. ಮಗುವಿನ ಮಿದುಳು ಬೆಳೆಯುವಾಗಲೂ ಮೊದಲು ಬೇಕಾದ್ದಕ್ಕಿಂತ ಹೆಚ್ಚು ಸಂಪರ್ಕಗಳು ಹುಟ್ಟುತ್ತವೆ, ಆಮೇಲೆ ಬಳಕೆಯಾಗದವು ಸವರಿಹೋಗುತ್ತವೆ. ಕಾಡಿನಲ್ಲೂ ಕೊಂಡಿಯ ಮೇಲೆ ಒಳ್ಳೆಯವರು ಮಾತ್ರ ನಡೆಯುವುದಿಲ್ಲ. ಬೆಂಕಿ ನಡೆಯುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟದ್ದು ನಿಮಗೆ ನೆನಪಿರಬಹುದು. ಇಲಾಖೆಯವರು ಪ್ರತಿ ವರ್ಷ ಬೆಂಕಿರೇಖೆ ಎಳೆಯುವುದು ಬೇಕೆಂದೇ ಕೊಂಡಿ ಕಡಿಯುವ ಕೆಲಸ. ಲಂಟಾನದ ಹಣ್ಣು ತಿಂದ ಹಕ್ಕಿ ಅದರ ಬೀಜವನ್ನೂ ಅದೇ ಹಳ್ಳದ ದಾರಿಯಲ್ಲಿ ಉದುರಿಸುತ್ತಾ ಹೋಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಕಾಡಿನ ಉಣ್ಣೆಗಳಿಂದ ಮನುಷ್ಯರಿಗೆ ಹತ್ತುವುದು ಸೌದೆಗೋ ದರಗಿಗೋ ದನ ಮೇಯಿಸಲೋ ಕಾಡಂಚಿಗೆ ಹೋದಾಗ. ನಿಮ್ಮ ಪಟ್ಟಿಯಲ್ಲಿ ಒಂದು ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಕೂಡಲೇ ಆರೋಗ್ಯ ಇಲಾಖೆಗೆ ತಿಳಿಸಿ, ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಅಲ್ಲಿಗೆ ಹೋಗುವ ಆಳುಗಳಿಗೆ ಮೈಮುಚ್ಚುವ ಬಟ್ಟೆ ಕೊಡಿಸಿ, ಉಣ್ಣೆ ಹತ್ತದಂತೆ ಇಲಾಖೆಯವರು ಹಂಚುವ ಎಣ್ಣೆ ಹಚ್ಚಿಸಿ.

ಈಗ ಇಲಾಖೆಯ ಭಯ. ದೇಶದ ಆನೆ ಕಾರಿಡಾರ್‌ಗಳ ಪಟ್ಟಿ 2005ರಲ್ಲಿ ಬಂದಾಗ ಅದರಲ್ಲಿ 88 ಇದ್ದವು, 2017ರಲ್ಲಿ 101 ಆದವು, ಕೇಂದ್ರ ಸರ್ಕಾರದ 2023ರ ವರದಿಯಲ್ಲಿ 150. ಇವೆಲ್ಲ ಆನೆಗಳ ಎರಡು ದೊಡ್ಡ ನೆಲೆಗಳನ್ನು ಸೇರಿಸುವ ಜಾಗಗಳು. ಮೀಸಲು ಅರಣ್ಯದಿಂದ ಒಂದು ಚಿಕ್ಕ ದೇವರಕಾಡಿಗೆ ಇಳಿಯುವ ಹಳ್ಳದಂಚು ಈ ಮಾತಿಗೇ ಬರುವುದಿಲ್ಲ. ಕಾರಿಡಾರ್ ಪಟ್ಟಿಯಲ್ಲಿ ಹೆಸರಿದ್ದರೂ ಅಷ್ಟಕ್ಕೇ ಖಾಸಗಿ ಜಮೀನಿನ ಒಡೆತನ ಬದಲಾಗುವುದಿಲ್ಲ. ಮೀಸಲು ಅರಣ್ಯ ಮಾಡಬೇಕಾದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅಧಿಸೂಚನೆ ಹೊರಡಿಸಿ, ಹಕ್ಕುದಾರರ ಅಹವಾಲು ಕೇಳಬೇಕು. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್‌ನಲ್ಲಿ ಸಂರಕ್ಷಣಾ ಸಂಸ್ಥೆಗಳು ರೈತರಿಂದ ಸುಮಾರು 25 ಎಕರೆಯನ್ನು ಹಣ ಕೊಟ್ಟೇ ಕೊಂಡು ಇಲಾಖೆಗೆ ಒಪ್ಪಿಸಿದವು.

ಹಾಗೆಂದು ಭಯ ಸಂಪೂರ್ಣ ಕಲ್ಪಿತ ಎಂದೂ ಹೇಳಲಾರೆ. ನೀಲಗಿರಿಯ ಸೀಗೂರಿನಲ್ಲಿ ತಮಿಳುನಾಡು ಸರ್ಕಾರ 2010ರಲ್ಲಿ ಹೊರಡಿಸಿದ ಕಾರಿಡಾರ್ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿಯಿತು. ಅಲ್ಲಿ ಕಷ್ಟಕ್ಕೆ ಸಿಲುಕಿದವರಲ್ಲಿ ಮುಖ್ಯವಾಗಿ ಕಂಡವರು ರೆಸಾರ್ಟ್ ಕಟ್ಟಿದವರು ಎಂಬುದನ್ನು ಅಣ್ಣನಿಗೆ ತಿಳಿಸಿ. ಪಾಲಿಗೆ ಮೊದಲು ನೀವು ನೋಡಬೇಕಾದ ಕಾಗದಗಳು ಬೇರೆಯೇ ಇವೆ. ರಾಜ್ಯ ಸರ್ಕಾರ 2022ರಲ್ಲಿ ಪರಿಷ್ಕರಿಸಿದ ಪರಿಭಾವಿತ ಅರಣ್ಯದ (ದಾಖಲೆಯಲ್ಲಿ ಅರಣ್ಯವಲ್ಲದಿದ್ದರೂ ಅರಣ್ಯವೆಂದು ಪರಿಗಣಿಸುವ ಜಾಗ, ಡೀಮ್ಡ್ ಫಾರೆಸ್ಟ್) ಪಟ್ಟಿಯಲ್ಲಿ, ಅಂದರೆ ಸುಮಾರು 3.3 ಲಕ್ಷ ಹೆಕ್ಟೇರಿನ ಪಟ್ಟಿಯಲ್ಲಿ, ನಿಮ್ಮ ಸರ್ವೆ ನಂಬರ್ ಇದೆಯೇ ನೋಡಿ. ಪಹಣಿಯಲ್ಲಿ ಹಳ್ಳವನ್ನು ‘ಬಿ ಖರಾಬು’ ಎಂದು ತೋರಿಸಿದ್ದರೆ ಅಷ್ಟು ಜಾಗ ನಿಮ್ಮದಲ್ಲ, ಸಾರ್ವಜನಿಕರದು. ಅದನ್ನು ಅಣ್ಣ ಮಾರಲೂ ಆಗದು, ನೀವು ಪಾಲು ಕೇಳಲೂ ಆಗದು. ಎರಡು ಎಕರೆಯ ಜಗಳದಲ್ಲಿ ಎಷ್ಟು ಗುಂಟೆ ನಿಜವಾಗಿ ನಿಮ್ಮದು ಎಂದು ಅಳೆಸಿದರೆ ಬಿಸಿ ಅರ್ಧ ಇಳಿದೀತು.

ನಿಮ್ಮ ಮುಂದಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ರೆಸಾರ್ಟಿಗೆ ಮಾರುವುದರಿಂದ ಕೈಗೆ ದೊಡ್ಡ ಮೊತ್ತ ಬರುತ್ತದೆ, ಅದನ್ನು ಅಲ್ಲಗಳೆಯುವುದು ಕಪಟ. ಆದರೆ ಹಿಂದಿರುಗಲಾಗದ ದಾರಿ ಇದೊಂದೇ. ಕಟ್ಟಡಕ್ಕಿಂತ ಹೆಚ್ಚಾಗಿ ರಾತ್ರಿಯ ದೀಪ, ಧ್ವನಿವರ್ಧಕ, ವಾಹನ ಸಂಚಾರ ಕೊಂಡಿಯನ್ನು ಮುಚ್ಚುತ್ತವೆ. ಹಗಲೆಲ್ಲ ವಾಹನ ಓಡುವ ಬಂಡೀಪುರದ ಹೆದ್ದಾರಿಯನ್ನು 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚುತ್ತಿರುವುದು ಇದೇ ಕಾರಣಕ್ಕೆ. ಉಳಿದ 20 ಎಕರೆಯಲ್ಲಿ ನೀವು ಮೂವರೂ ಆ ನೆರೆಹೊರೆಯ ಜೊತೆ ಬಾಳಬೇಕಾಗುತ್ತದೆ ಎಂಬುದೂ ನೆನಪಿರಲಿ.

ಸುತ್ತಲೂ ಸೌರಬೇಲಿ ಹಾಕಿಸುವುದು ಎರಡನೆಯದು. ತೋಟವನ್ನೂ ಹಳ್ಳವನ್ನೂ ಒಟ್ಟಿಗೆ ಸುತ್ತಿ ಕಟ್ಟಬೇಡಿ. ಹಳ್ಳದ ಪಟ್ಟಿಯನ್ನು ಹೊರಗೆ ಬಿಟ್ಟು, ಎರಡೂ ಬದಿಯ ತೋಟಕ್ಕೆ ಬೇರೆಬೇರೆಯಾಗಿ ಹಾಕಿಸಿ. ಆಗ ಆನೆಗೆ ನಡೆಯಲು ಒಂದು ಜಾಡು ಉಳಿಯುತ್ತದೆ, ಸಣ್ಣ ಪ್ರಾಣಿಗೂ ತೊಂದರೆಯಿಲ್ಲ. ತಂತಿಗೆ ಬಳ್ಳಿ ತಾಗಿದರೆ ಶಕ್ತಿ ಸೋರಿಹೋಗುತ್ತದೆ, ಹಾಗಾಗಿ ಮಳೆಗಾಲದಲ್ಲಿ ವಾರಕ್ಕೊಮ್ಮೆ ಯಾರಾದರೂ ಸುತ್ತು ಹೊಡೆಯಬೇಕು. ಅದಕ್ಕೆ ಆಳು ಸಿಗುವುದಿಲ್ಲವೆಂದರೆ ಬೇಲಿಗೆ ಹಣ ಹಾಕಲೇಬೇಡಿ. ಅನುಭವಿ ಸಲಗ ದಂತದಿಂದ ತಂತಿ ಎತ್ತುತ್ತದೆ, ಮರ ಕೆಡವಿ ದಾಟುತ್ತದೆ. ನಿಮ್ಮ ಬೇಲಿ ಗಟ್ಟಿಯಾಗಿದ್ದಷ್ಟೂ ಪಕ್ಕದವರ ತೋಟಕ್ಕೆ ಆನೆ ಹೆಚ್ಚು ಹೋಗುತ್ತದೆ, ಆ ಮಾತು ಬರುವುದು ಖಂಡಿತ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವ ಮಾತನ್ನಂತೂ ಯಾರಾದರೂ ಎತ್ತಿದರೆ ಅಲ್ಲೇ ಚಿವುಟಿ. ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ, ಜೈಲೂ ತಪ್ಪುವುದಿಲ್ಲ. ಹಳೆಯ ರೈಲುಕಂಬಿಯ ತಡೆಗೋಡೆ ಬೇಲಿಗಿಂತ ಗಟ್ಟಿ, ಆದರೆ ಅದು ಒಂದು ತೋಟದವರ ಕೈಗೆಟುಕುವ ಖರ್ಚಲ್ಲ. 2018ರಲ್ಲಿ ನಾಗರಹೊಳೆಯ ಅಂಚಿನಲ್ಲಿ ಅಂಥ ಕಂಬಿ ದಾಟಲು ಹೋಗಿ ಆನೆಯೊಂದು ಸಿಕ್ಕಿಕೊಂಡು ಸತ್ತಿತು.

ಪಟ್ಟಿಯನ್ನು ಹಾಗೇ ಬಿಡುವುದು ಮೂರನೆಯದು. ಖರ್ಚಿಲ್ಲ ಎಂದು ತೋರುತ್ತದೆ, ಆದರೆ ಯಾರೂ ನೋಡದ ಜಾಗವನ್ನು ಲಂಟಾನ ಆಕ್ರಮಿಸುತ್ತದೆ, ಇಲ್ಲವೇ ಪಕ್ಕದವರ ಬೇಲಿ ವರ್ಷಕ್ಕೊಂದು ಗಜ ಒಳಗೆ ಸರಿಯುತ್ತದೆ.

ನಾನು ಒಲವು ತೋರುವುದು ನಾಲ್ಕನೆಯದಕ್ಕೆ. ಪಟ್ಟಿಯನ್ನು ಯಾರ ಪಾಲಿಗೂ ಹಾಕದೆ ಮೂವರ ಜಂಟಿ ಹೆಸರಿನಲ್ಲಿ ಉಳಿಸಿ, ವಿಭಾಗಪತ್ರದಲ್ಲೇ ಅದರ ಎಲ್ಲೆ, ದಾರಿಹಕ್ಕು, ನೀರಿನ ಹಕ್ಕು, ಮರ ಕಡಿಯಬಾರದೆಂಬ ಷರತ್ತು ಬರೆಸಿ. ಅಣ್ಣನಿಗೆ ಅದರ ಬದಲು ಬೇರೆ ಕಡೆ ಒಳ್ಳೆಯ ಕಾಫಿ ಇರುವ ಜಾಗದಲ್ಲಿ ಸ್ವಲ್ಪ ಹೆಚ್ಚು ಕೊಡಿ. ಅವರು ಕೇಳುತ್ತಿರುವುದು ಹಣದ ನ್ಯಾಯ, ಅದಕ್ಕೆ ಹಣದಲ್ಲೇ ಉತ್ತರ ಕೊಡುವುದು ಮರ್ಯಾದೆ. ಈ ದಾರಿಯ ಅಪಾಯ ಜಂಟಿ ಆಸ್ತಿಯ ಹಳೆಯ ರೋಗ. ಮುಂದಿನ ತಲೆಮಾರಿನಲ್ಲಿ ಹತ್ತು ಹಕ್ಕುದಾರರಾಗುತ್ತಾರೆ, ಒಬ್ಬರಿಗಾದರೂ ಮಾರುವ ಮನಸ್ಸು ಬರುತ್ತದೆ. ಅದಕ್ಕೇ ಷರತ್ತುಗಳನ್ನು ಬಾಯಿಮಾತಿನಲ್ಲಿ ಬಿಡದೆ ನೋಂದಾಯಿಸಬೇಕು ಎನ್ನುವುದು. ಭಾಷೆಯನ್ನು ವಕೀಲರಿಂದಲೇ ಬರೆಸಿ.

ಹೀಗೆ ಉಳಿಸಿದ ಮೇಲೆ ಮಾಡುವ ಕೆಲಸ ಹೆಚ್ಚಿಲ್ಲ. ಒಂದು ಬೆಳಿಗ್ಗೆ ಮೇಲ್ತುದಿಯಿಂದ ಕೆಳತುದಿಯವರೆಗೆ ತಲೆ ಎತ್ತಿಕೊಂಡು ನಡೆಯಿರಿ. ಕೊಂಬೆಗೂ ಕೊಂಬೆಗೂ ನಡುವೆ ಆಕಾಶ ಕಾಣುವ ಕಡೆ ಒಂದು ಗೂಟ ನೆಡಿ. ಕೆಂಜಳಿಲಿಗೆ ಕಂದಕವೆಂದರೆ ಆ ಆಕಾಶ. ಎರಡನೆಯ ಬಾರಿ ತಲೆ ತಗ್ಗಿಸಿ ನಡೆಯಿರಿ. ಮರದ ಬುಡದಲ್ಲಿ ನಿಮ್ಮ ಭುಜಕ್ಕಿಂತ ಎತ್ತರಕ್ಕೆ ಕೆಸರು ಮೆತ್ತಿದ್ದರೆ ಆನೆ ಮೈ ಉಜ್ಜಿದೆ. ಬಂಡೆಯ ಮೇಲೆ ಕಾಫಿ ಬೀಜ ತುಂಬಿದ ಹಿಕ್ಕೆ ಇದ್ದರೆ ಪುನುಗಿನ ಬೆಕ್ಕು. ಆನೆಯ ಗುರುತು ಎಲ್ಲಿ ಹೆಚ್ಚೋ ಅಲ್ಲಿಂದ ಆಳುಗಳ ಕಾಲುದಾರಿಯನ್ನು ದೂರಕ್ಕೆ ಸರಿಸಿ. ಗೂಟ ನೆಟ್ಟ ಕಡೆಗಳಲ್ಲಿ ಅತ್ತಿ, ಗೋಣಿ, ನೇರಳೆ, ನಂದಿ, ಹೊನ್ನೆ ಇಂಥವನ್ನು ಹಾಕಿ. ಅತ್ತಿ, ಗೋಣಿ ಬೇಗ ಹರಡಿಕೊಳ್ಳುತ್ತವೆ, ಮಂಗಟ್ಟೆ ಹಕ್ಕಿಯನ್ನೂ ಕರೆಯುತ್ತವೆ. ಹಲಸು, ಬೈನೆಗಳನ್ನು ಮನೆಯ ಹತ್ತಿರ, ಆಳುಗಳ ಲೈನುಮನೆಗಳ ಹತ್ತಿರ ಬೇಡ. ಇರುವ ಹಲಸಿನ ಕಾಯಿಗಳನ್ನು ಹಣ್ಣಾಗುವ ಮೊದಲೇ ಇಳಿಸಿ, ವಾಸನೆ ಹೊರಟರೆ ಆನೆ ಹುಡುಕಿಕೊಂಡು ಬರುತ್ತದೆ. ಮರಗಸಿ, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಹಳ್ಳದ ಪಕ್ಕದ ಸಾಲನ್ನು ಬಿಟ್ಟುಬಿಡುವಂತೆ ತೋಟದ ಮೇಲ್ವಿಚಾರಕ ರೈಟರಿಗೆ ಮೊದಲೇ ಹೇಳಿರಿ. ಇಲ್ಲವಾದರೆ ಒಂದೇ ದಿನದಲ್ಲಿ ಹತ್ತು ವರ್ಷದ ಕೊಂಬೆ ನೆಲಕ್ಕೆ ಬೀಳುತ್ತದೆ.

ಲಂಟಾನವನ್ನು ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಬೇರುಸಹಿತ ಕೀಳಿಸಬೇಕು. ಕತ್ತಿಯಿಂದ ಸವರಿದರೆ ಎರಡರಷ್ಟು ಚಿಗುರುತ್ತದೆ. ಒಂದೇ ವರ್ಷ ಪೂರ್ತಿ ತೆಗೆಯುವ ಆಸೆ ಬೇಡ, ಬರಿದಾದ ದಡ ಮಳೆಗೆ ಕೊಚ್ಚಿಹೋಗುತ್ತದೆ. ಮೊದಲ ವರ್ಷ ಕಾಲುಸೇತುವೆಯ ಸುತ್ತ, ಮುಂದಿನ ವರ್ಷ ಅದರ ಮೇಲ್ಭಾಗ, ಹೀಗೆ ಹೋಗಿ. ಸಸಿಗಳಿಗೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೇಸಿಗೆಯಲ್ಲೇ ಹೇಳಿಡಬೇಕು. ಜೂನ್‌ನಲ್ಲಿ ಹೋದರೆ ಸಿಲ್ವರ್ ಓಕ್ ಮಾತ್ರ ಉಳಿದಿರುತ್ತದೆ.